ನಾಣ್ಯಕ್ಕೆ ತೆರೆಯುವ ಮುಚ್ಚಳ

ಹದಿನೇಳನೇ ಸಲ ಎತ್ತಿ ಹಾಕಿದಾಗ ಟ್ರಿಮ್ಮರಿನ ಮುಚ್ಚಳ ಹಾರಿ ಅವಳ ಕಾಲ ಬಳಿ ಬಿತ್ತು.

"ನೋವಾಯ್ತಾ?" ಎಂದ ಅವನು.

"ನನಗಾ, ಅದಕ್ಕಾ?"

"ಅದಕ್ಕೆ ಆಗಲ್ಲ ಬಿಡಿ."

ಕಾರ್ಖಾನೆಯಲ್ಲಿ ಅವನಿಗೆ ಕಟುಕ ಎಂದೇ ಹೆಸರು. ಹೊಸ ಮಾದರಿಗಳನ್ನು ಬೀಳಿಸಿ, ನೆನೆಸಿ, ಕಾಯಿಸಿ, ಎಷ್ಟು ತಡೆದವೆಂದು ಬರೆದಿಡುವುದು ಅವನ ಕೆಲಸ. ಅವಳು ವಿನ್ಯಾಸಗಾರ್ತಿ. ಪಾರ್ಶ್ವವಾಯು ಬಡಿದ ಅಪ್ಪನ ಗಡ್ಡ ದಿನಾ ತೆಗೆಯುವವಳೂ ಅವಳೇ. ವರ್ಷಕ್ಕೊಂದು ಟ್ರಿಮ್ಮರ್ ಸಾಯುತ್ತಿತ್ತು. ಬ್ಯಾಟರಿ ಬದಲಿಸೋಣವೆಂದರೆ ಅಂಟು ಹಾಕಿ ಮುಚ್ಚಿದ ಮೈ. ಅದಕ್ಕೇ ಇದನ್ನು ಮಾಡಿದ್ದಳು: ನಾಣ್ಯ ಸಿಕ್ಕಿಸಿ ತಿರುಗಿಸಿದರೆ ಸಾಕು, ಬ್ಯಾಟರಿ, ಬ್ಲೇಡು ಎರಡನ್ನೂ ಮನೆಯಲ್ಲೇ ಬದಲಿಸಬಹುದು.

ಮೂರು ತಿಂಗಳು ಅವನು ಕೆಡಿಸಿದ, ಅವಳು ಸರಿಮಾಡಿದಳು. ಪ್ರೀತಿಸಲು ಜನ ಇದಕ್ಕಿಂತ ಸಣ್ಣ ಕಾರಣಗಳನ್ನು ಹುಡುಕಿಕೊಂಡಿದ್ದಾರೆ.

ಒಂದು ಮಧ್ಯಾಹ್ನ ಟೀ ಲೋಟದ ಅಂಚು ಸವರುತ್ತಾ ಅವನು ಹೇಳಿದ್ದ: "ಹೆಂಡತಿ ಬಿಟ್ಟು ಹೋದಳು. ನಿನ್ನ ಜೊತೆ ಸಂಸಾರ ಅಂದ್ರೆ ದಿನಾ ಪರೀಕ್ಷೆ ಅಂದಳು." ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ.

ಆಮೇಲೆ ಸಭೆ. ಮ್ಯಾನೇಜರು ಅವನ ವರದಿ ಓದಿದರು. "'ಬಿದ್ದರೆ ಮುಚ್ಚಳ ಕಳಚುತ್ತದೆ.' ಸಾಕಲ್ಲ? ಅಂಟು ಹಾಕಿಸಿ."

ಅವನು ಎದ್ದ. "ಸರ್, ಎರಡನೇ ಪುಟ..."

ಅವಳು ಬಿಡಲಿಲ್ಲ. "ಕೂತ್ಕೊಳ್ಳಿ. ನೀವು ಕೈಯಿಟ್ಟಿದ್ದು ಯಾವುದು ಉಳಿದಿದೆ? ಹೆಂಡತೀನೇ ಉಳೀಲಿಲ್ಲ."

ಯಾರೋ ನಕ್ಕರು. ಅವನು ಪೆನ್ನಿಗೆ ಕ್ಯಾಪು ಹಾಕಿ ಕೂತ. ತಿಂಗಳ ಕೊನೆಗೆ ಕೆಲಸ ಬಿಟ್ಟ.

ಅವನು ಹೋದ ಮೇಲೆ ಅವಳು ವರದಿ ತೆಗೆದಳು. ಮೊದಲ ಪುಟದಲ್ಲಿ ದೋಷ ಮಾತ್ರ, ಎರಡನೆಯದರಲ್ಲಿ ಅಭಿಪ್ರಾಯ. ಪರೀಕ್ಷಾ ಕೋಣೆಯ ಈ ಪದ್ಧತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು.

'ಕಳಚುತ್ತದೆ, ಒಡೆಯುವುದಿಲ್ಲ. ಕೊಂಡಿ ಗಟ್ಟಿಮಾಡಿದರೆ ಸಾಕು. ಅಂಟು ಹಾಕಬಾರದು.' ಕೊನೆಯ ಪದದಡಿ ಎರಡು ಗೆರೆ.

ಒಂದೇ ಒಂದು ಹಾಳೆ ತಿರುವಿದ್ದರೆ...

ಫೋನು ಮಾಡಿದಳು. ಅವನು ಎತ್ತಲಿಲ್ಲ.

ವರ್ಷದ ಬಳಿಕ, ಅಪ್ಪನ ಅರ್ಧ ಗಡ್ಡ ತೆಗೆದಿದ್ದಾಗ, ಅಂಟು ಹಾಕಿದ ಅವಳ ಟ್ರಿಮ್ಮರೂ ನಿಂತುಹೋಯಿತು. ಅಪ್ಪ ಸೊಟ್ಟ ಬಾಯಲ್ಲಿ ಕೇಳಿದರು: "ನಿಂದೂ... ಅಷ್ಟೇನಾ?"

ಎರಡು ಬೀದಿ ಆಚೆ ಹೊಸ ರಿಪೇರಿ ಅಂಗಡಿ. ಒಳಗಿದ್ದವನು ತಲೆಯೆತ್ತಲಿಲ್ಲ. "ಇದು ತೆರೆಯಲ್ಲ. ಗರಗಸ ಹಾಕಬೇಕು."

"ಗೊತ್ತು. ನಾನೇ ಮಾಡಿದ್ದು."

ಕಟುಕ ತಲೆಯೆತ್ತಿದ.

"ಎರಡನೇ ಪುಟ ಓದಿದೆ... ನೀವು ಹೋದ ಮೇಲೆ."

"ವರದಿ ಹಾಳಾಗಲಿ. ಆ ವಿಷಯ ನಿಮಗೊಬ್ಬರಿಗೇ ಹೇಳಿದ್ದೆ."

"ಎಲ್ಲಿ ಹೊಡೆದರೆ ಒಡೆಯುತ್ತೆ ಅಂತ ನೀವೇ ತೋರಿಸಿಕೊಟ್ಟಿದ್ರಿ. ಅಲ್ಲೇ ಹೊಡೆದೆ. ಕ್ಷಮಿಸಿ ಅನ್ನೋಕೂ ಮುಖ ಇಲ್ಲ."

ಅವನು ಗರಗಸ ಎತ್ತಿಕೊಂಡು ಕೊಯ್ದ. ಹೊಸ ಬ್ಯಾಟರಿ ಕೂರಿಸಿ, ತೂತು ಕೊರೆದು, ಎರಡು ತಿರುಪು ಹಾಕಿದ.

"ಇನ್ನು ತೆರೆಯುತ್ತೆ. ನೋಡೋಕೆ ಚೆನ್ನಾಗಿಲ್ಲ."

"ನಾವೇನು ಮಹಾ ಚೆನ್ನಾಗಿದ್ದೀವಾ?" ಅವಳು ಟ್ರಿಮ್ಮರ್ ಕೈಗೆತ್ತಿಕೊಂಡಳು. "ಅಪ್ಪನ ಅರ್ಧ ಗಡ್ಡ ಬಾಕಿ ಇದೆ. ಬನ್ನಿ... ನೀವಿಲ್ಲದೆ ನನಗೆ ಆಗ್ತಿಲ್ಲ."

"ಮತ್ತೆ ಹಾಗೆ ಮಾತಾಡಿದ್ರೆ?"

"ಎದ್ದು ಹೋಗಿಬಿಡಿ."

ಅವನು ಶಟರ್ ಎಳೆದ. "ಹೋಗೋಕೆ ಆಗಿದ್ರೆ ನಿಮ್ಮ ಮನೆ ಹತ್ತಿರ ಯಾಕೆ ಅಂಗಡಿ ಹಾಕ್ತಿದ್ದೆ? ಅಂಟು ಹಾಕಿದ್ದು ವರ್ಷ ದಾಟಲ್ಲ ಅಂತ ಗೊತ್ತಿತ್ತು. ಕಾಯ್ತಾ ಇದ್ದೆ."