ಲಾಭ, ಎರಡು, ಮೂರು

ನೋಟ್‌ಬುಕ್ಕನ್ನು ಮೇಜಿನ ಮೇಲೆ ಎಸೆದು ಕೊಟ್ರಸ್ವಾಮಿ ಕೇಳಿದ. "ಇದ್ಯಾವ ಗಣಿತ ರೀ ಟೀಚರ್? ಒಂದು ಎಲ್ಲಿ ಹೋತು?"

ಅವನ ಅಣ್ಣನ ಮಗಳು, ಎರಡನೇ ಕ್ಲಾಸಿನ ನಾಗರತ್ನ ಬರೆದಿದ್ದಳು: ಲಾಭ, ಎರಡು, ಮೂರು.

ಅರ್ಚನಾ ನಗು ತಡೆದಳು. "ನಿಮ್ಮ ಅಂಗಡ್ಯಾಗ ಜೋಳ ಅಳೀವಾಗ ಮೊದಲ್ನೇ ಸೇರಿಗೆ ಏನಂತೀರಿ?"

"ಲಾಭ…" ಎಂದವನು ಅಲ್ಲಿಗೇ ನಿಂತ. ಕಾನಹೊಸಹಳ್ಳಿಯಲ್ಲಿ ಸೇರು ಹಿಡಿದ ಯಾರೂ ಮೊದಲನೆಯದನ್ನು ಒಂದು ಎಂದು ಎಣಿಸುವುದಿಲ್ಲ.

"ಅದು ನಿಮ್ಮ ಅಂಗಡಿ ಪಾಠ. ನನ್ನ ಮ್ಯಾಲೆ ಹಾಕಬ್ಯಾಡ್ರಿ."

ಅವನ ಕಿವಿ ಕೆಂಪಾದದ್ದನ್ನು ಅವಳು ನೋಡಿದಳು. ಅವಳು ನೋಡಿದ್ದನ್ನು ಅವನೂ.

ಆದರೆ ಅರ್ಜಿ ಆಗಲೇ ತಯಾರಿತ್ತು. ಹೊಸ ಗಣಿತ ಬಂದು ಮಗ್ಗಿಯ ಬಾಯಿಪಾಠ ನಿಂತಿತ್ತು; ಹುಣಸೆಬೀಜ ಎಣಿಸುವುದೇ ಪಾಠವಾಗಿತ್ತು. ಹೆತ್ತವರಿಗೆ ದಿಗಿಲು. ಈ ಟೀಚರನ್ನು ಬೇರೆ ಊರಿಗೆ ಹಾಕಿ ಎಂದು ಬರೆದು, ಶನಿವಾರದ ಸಭೆಯಲ್ಲಿ ಓದುವ ಕೆಲಸವನ್ನು ಕೊಟ್ರಸ್ವಾಮಿಗೇ ಒಪ್ಪಿಸಿದ್ದರು.

ಅವನು ಮುಂದಿನ ನಾಲ್ಕು ದಿನವೂ ಬಂದ. ದಿನಕ್ಕೊಂದು ದೂರು. ಕಿಟಕಿಯ ಬಳಿ ದಿನಾ ಕೊಂಚ ಹೆಚ್ಚು ಹೊತ್ತು.

"ದೂರು ಮುಗೀತಲ್ರಿ?"

"ಇನ್ನೊಂದಿತ್ತು. ನೆನಪು ಮಾಡ್ಕೊಳ್ಳಾಕತ್ತೀನಿ."

ಶನಿವಾರದ ಸಭೆಯಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಹುಲುಗಪ್ಪ ನಾಗರತ್ನಳನ್ನೇ ಎಬ್ಬಿಸಿದ. "ನಾಕಾರ್ಲೆ ಎಷ್ಟವ್ವಾ?"

ಹುಡುಗಿ ಸೂರಿನ ಹೆಂಚು ನೋಡತೊಡಗಿತು.

"ನೋಡ್ರಪ್ಪಾ! ನಾಳಿ ಸಂತ್ಯಾಗ ಹುಣಸೆಬೀಜ ಹರವಿಕೊಂಡು ಕುಂದರ್ತಾಳೇನು?"

ಅರ್ಚನಾ ಬೇಡಿಕೊಳ್ಳಲಿಲ್ಲ. ಕೊಟ್ರಸ್ವಾಮಿಯನ್ನೇ ನೋಡಿದಳು, ಉತ್ತರ ಗೊತ್ತಿದ್ದೂ ಸುಮ್ಮನಿರುವ ಹುಡುಗನನ್ನು ನೋಡುವ ಹಾಗೆ.

ಅವನು ಅರ್ಜಿ ಮಡಚಿದ. "ನಾಗೂ, ಮನ್ಯಾಗ ಆರು ಮಂದಿ. ತಲಿಗೆ ನಾಕು ರೊಟ್ಟಿ. ಎಷ್ಟು ಬಡೀಬೇಕು?"

"ಇಪ್ಪತ್ನಾಕು. ಆದ್ರ ನೀ ಈಗೀಗ ಎರಡ ತಿಂತಿ ಕಾಕಾ. ಇಪ್ಪತ್ತೆರಡು ಸಾಕು."

ಸಭೆ ನಕ್ಕಿತು. ಅವನ ಕಿವಿ ಮತ್ತೆ ಕೆಂಪಾಯಿತು.

"ಇಪ್ಪತ್ತರ ತನಕ ಮಗ್ಗಿ ನನಗ ಬಾಯಾಗ ಐತಿ," ಎಂದ. "ಹಿಂಗ ಯೋಚನಿ ಮಾಡಾಕ ಯಾರೂ ಕಲಿಸ್ಲಿಲ್ಲ. ಈ ಅರ್ಜಿ ನಾ ಓದಂಗಿಲ್ರಿ."

"ಮತ್ತ ಮಗ್ಗಿ?" ಹುಲುಗಪ್ಪ ಬಿಡಲಿಲ್ಲ.

"ದಿನಾ ಅರ್ಧ ತಾಸು ಹೇಳಿಸ್ತೀನ್ರಿ," ಎಂದಳು ಅರ್ಚನಾ. "ಅರ್ಥ ಆದಮ್ಯಾಲೆ."

"ಹಂಗಾದ್ರ ಇರ್ಲಿ ಬಿಡ್ರಿ," ಎಂದು ಹುಲುಗಪ್ಪ ಎದ್ದ.

ಸೋಮವಾರ ಶಾಲೆ ಬಿಟ್ಟ ಮೇಲೆ ಕೊಟ್ರಸ್ವಾಮಿ ಬರಿಗೈಯಲ್ಲಿ ಬಂದ.

"ಇವತ್ತೇನು ದೂರು?"

"ಯಾವ್ದೂ ಇಲ್ಲ. ನಿಮ್ಮನ್ನ ನೋಡಾಕ ಬಂದೀನಿ. ನೀವು ಹೂಂ ಅಂದ್ರ ಅವ್ವನ್ನ ನಿಮ್ಮನಿಗೆ ಕಳಿಸ್ತೀನಿ."

ಅವಳು ರಾಶಿಯಿಂದ ನುಣ್ಣನೆಯ ಹುಣಸೆಬೀಜವೊಂದನ್ನು ಆರಿಸಿ, ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು.

"ದೂರು ತಂದ ಐದು ಸಲ ಲೆಕ್ಕಕ್ಕಿಲ್ಲ. ಇವತ್ತಿಂದ ಎಣಿಸ್ತೀನಿ," ಎಂದಳು. "ಇದು ಲಾಭ."

"ನಾಳಿ ಎರಡು," ಎಂದ ಅವನು.