ಯಾಳಿಯನ್ನು ಮಲಗಿಸುವ ಹೂವು

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಸುಳಿಗಲ್ಲು ಎಂಬ ರಾಜ್ಯವಿತ್ತು. ಅಲ್ಲಿನ ಕೋಟೆಯ ಹಿಂದೆ ಒಂದು ಗುಹೆ. ಗುಹೆಯೊಳಗೆ ಒಂದು ಯಾಳಿ ಮಲಗಿತ್ತು. ಅದಕ್ಕೆ ಸಿಂಹದ ಮೈ, ಆನೆಯ ಸೊಂಡಿಲು, ಬಾಗಿಲಿನಷ್ಟು ಅಗಲದ ಕಣ್ಣು. ಹಿಂದೆ ಎಚ್ಚರವಿದ್ದಾಗ ಅದು ಊರೂರುಗಳನ್ನೇ ತಿಂದು ಮುಗಿಸಿತ್ತು. ಭಂಗಿ ಹೂವಿನ ಹೊಗೆ ಕುಡಿದರೆ ಮಾತ್ರ ಅದಕ್ಕೆ ನಿದ್ದೆ. ಹಾಗಾಗಿ ಪ್ರತಿ ಸಂಜೆ ಗುಹೆಯ ಬಾಯಲ್ಲಿ ಕೆಂಡದ ಮೇಲೆ ಹೂವು ಸುಡಬೇಕಿತ್ತು.

ಆ ಹೂವು ಬೆಳೆಯುತ್ತಿದ್ದವರು ಒಬ್ಬ ಅಣ್ಣ, ಒಬ್ಬಳು ತಂಗಿ. ಅಣ್ಣ ಮಾಳಪ್ಪ, ತಂಗಿ ದೇಕವ್ವ. ದೇಕವ್ವ ಕೊಯ್ಯುತ್ತಿದ್ದಳು, ನೆರಳಿನಲ್ಲಿ ತೂಗುಹಾಕಿ ಒಣಗಿಸುತ್ತಿದ್ದಳು, ಗಡಿಗೆಗಳಿಗೆ ತುಂಬುತ್ತಿದ್ದಳು. ಗುಹೆಗೆ ಹೋಗುವವನು ಮಾತ್ರ ಮಾಳಪ್ಪ. ಯಾಳಿಯ ಹೆಸರು ಕೇಳಿದರೇ ದೇಕವ್ವನ ಕೈಕಾಲು ತಣ್ಣಗಾಗುತ್ತಿದ್ದವು.

ಗಡಿಗೆಯ ಕೆಲಸ ನಾಜೂಕಿನದು. ಒಳಗೆ ಪಸೆ ಹೆಚ್ಚಾದರೆ ಹೂವಿಗೆ ಬೂಷ್ಟು ಹಿಡಿಯುತ್ತದೆ. ಪಸೆ ತೀರ ಆರಿದರೆ ಹೂವು ಪುಡಿಯಾಗುತ್ತದೆ. ಅದಕ್ಕೆಂದು ದೇಕವ್ವ ದಿನವೂ ಮುಚ್ಚಳ ತೆಗೆದು ಗಡಿಗೆಗಳನ್ನು ಉಸಿರಾಡಲು ಬಿಡುತ್ತಿದ್ದಳು. ಪ್ರತಿ ಮುಚ್ಚಳದ ಒಳಗೆ ತನ್ನದೊಂದು ತಲೆಗೂದಲು ಕಟ್ಟಿ, ಅದರ ತುದಿಗೆ ಕೆಂಪು ಮಣಿ ಪೋಣಿಸಿದ್ದಳು. ಪಸೆ ಏರಿದರೆ ಕೂದಲು ಉದ್ದವಾಗಿ ಮಣಿ ಇಳಿಯುತ್ತಿತ್ತು. ಒಣಗಿದರೆ ಕೂದಲು ಕುಗ್ಗಿ ಮಣಿ ಮೇಲೇರುತ್ತಿತ್ತು. ಮಣಿ ನಡುವೆ ನಿಂತರೆ ಹೂವು ಹದ.

ಅದೇ ಕಾಲದಲ್ಲಿ ಕರಾಳಪಾಣಿ ಎಂಬ ಮಾಂತ್ರಿಕನಿದ್ದ. ಅವನ ಬಲಗೈ ಮುಟ್ಟಿದ್ದೆಲ್ಲ ಒದ್ದೆ, ಎಡಗೈ ಮುಟ್ಟಿದ್ದೆಲ್ಲ ಒಣ. ಯಾಳಿಯನ್ನು ಎಬ್ಬಿಸಿ, ಅದರ ಬೆನ್ನೇರಿ ಭೂಮಿಯನ್ನೆಲ್ಲ ತುಳಿಯಬೇಕು ಎಂಬುದು ಅವನ ಆಸೆ.

ಒಂದು ದಿನ ದೇಕವ್ವ ಹೊಲದಿಂದ ಬರುತ್ತಿದ್ದಾಗ, ಮನೆಯ ಕಡೆಯಿಂದ ಒಬ್ಬ ದಾರಿಹೋಕ ಎದುರಾದ. ದೇಕವ್ವ ಕೈಮುಗಿದಳು. ಅವನು ಕೈಮುಗಿಯಲಿಲ್ಲ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈ ಒಂದನ್ನೇ ಎತ್ತಿದ. ಬಿಸಿಲು ಸುಡುತ್ತಿತ್ತು, ಆದರೂ ಅವನ ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಮನೆಗೆ ಬಂದು ನೋಡಿದರೆ ಮಾಳಪ್ಪ ಗಡಿಗೆಗಳ ನಡುವೆ ನಿಂತಿದ್ದ.

"ಅಣ್ಣಾ, ಯಾರು ಬಂದಿದ್ದರು?"

ಮಾಳಪ್ಪ ಮಾತಾಡಲಿಲ್ಲ. ಹತ್ತಿರ ಹೋದಳು. ಅವನ ಹೆಗಲ ಮೇಲೆ ಬಿಳಿ ಬೂಷ್ಟು ಎದ್ದಿತ್ತು. ನೋಡನೋಡುತ್ತಲೇ ಅದು ಕತ್ತಿಗೆ ಹಬ್ಬಿತು, ಕೆನ್ನೆಗೆ ಹಬ್ಬಿತು, ರೆಪ್ಪೆಗಳನ್ನು ಮುಚ್ಚಿತು. ಎದೆ ಮಾತ್ರ ಮೆಲ್ಲಗೆ ಏರಿಳಿಯುತ್ತಿತ್ತು. ಗಡಿಗೆಗಳ ಮುಚ್ಚಳ ತೆಗೆದರೆ ಮಣಿಗಳೆಲ್ಲ ಕೆಳಗಿಳಿದು ಬೂಷ್ಟಿನಲ್ಲಿ ಹೂತುಹೋಗಿದ್ದವು.

ದೇಕವ್ವ ಅರಮನೆಗೆ ಓಡಿದಳು. ಅರಸ ಗೋವಳದೇವ ಎಲ್ಲವನ್ನೂ ಕೇಳಿ ಬೆವರಿದ.

"ಗುಹೆಗೆ ಸೈನಿಕರನ್ನು ಕಳಿಸಲೇ?"

"ಕತ್ತಿಯ ಸದ್ದಿಗೇ ಯಾಳಿ ಏಳುತ್ತದೆ ಅಂತಾನೆ ನಮ್ಮಣ್ಣ, ದೊರೆ."

"ಹಾಗಾದರೆ ಯಾರು ಹೋಗುತ್ತಾರೆ?"

ಸಭೆಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. "ನಾನೇ ಹೋಗ್ತೀನಿ" ಎಂದಳು ದೇಕವ್ವ. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು.

ಇದ್ದುದರಲ್ಲೇ ಕಡಿಮೆ ಕೆಟ್ಟ ಹೂವುಗಳನ್ನು ಆರಿಸಿಕೊಂಡು ಸಂಜೆ ಗುಹೆಗೆ ಹೋದಳು. ಒಳಗಿನಿಂದ ಬರುತ್ತಿದ್ದ ಉಸಿರು ಅವಳ ಸೆರಗನ್ನು ಹಿಂದೆ ಮುಂದೆ ಎಳೆಯುತ್ತಿತ್ತು. ಹೂವನ್ನು ಕೆಂಡಕ್ಕೆ ಹಾಕಿದಳು. ಅದು ಚುರ್ರೆಂದಿತು. ಹುಳಿವಾಸನೆಯ ಹೊಗೆ ಮೇಲೇಳದೆ ನೆಲದ ಮೇಲೆ ಹರಿದಾಡಿತು. ಕತ್ತಲಲ್ಲಿ ಯಾಳಿಯ ಕಿವಿ ಅಲುಗಿತು. ದೇಕವ್ವ ಹಿಮ್ಮುಖವಾಗಿಯೇ ನಡೆದು ಹೊರಬಂದಳು. ಬೆನ್ನು ತೋರಿಸಲು ಅವಳಿಗೆ ಧೈರ್ಯವಾಗಲಿಲ್ಲ.

ಮರುದಿನ, ಅಟ್ಟದ ಮೇಲೆ ತೂಗುಹಾಕಿದ್ದ ಹೊಸ ಹೂವುಗಳನ್ನು ಇಳಿಸಿದಳು. ಕಡ್ಡಿ ಮುರಿದು ನೋಡಿದಳು. ಚಟ್ಟೆಂದಿತು, ಹೂವು ಒಣಗಿತ್ತು. ಗಡಿಗೆಗೆ ತುಂಬಿ ಮಣಿ ಕಟ್ಟಿದಳು. ಮಣಿ ನಡುವೆ ನಿಂತಿತು.

ಅಷ್ಟರಲ್ಲಿ ಒಬ್ಬ ಹೆಂಗಸು ಅಂಗಳಕ್ಕೆ ಬಂದಳು.

"ಅರಮನೆಯಿಂದ ಬಂದೆ, ತಾಯಿ. ಹೂವು ನೋಡಿಕೊಂಡು ಬಾ ಅಂದರು ದೊರೆ."

ದೇಕವ್ವ ಕೈಮುಗಿದಳು. ಹೆಂಗಸು ಕೈಮುಗಿಯಲಿಲ್ಲ. ಅವಳ ಬಲಗೈ ಸೆರಗಿನೊಳಗೇ ಇತ್ತು. ದೇಕವ್ವನಿಗೆ ಏನೋ ಚುಚ್ಚಿದಂತಾಯಿತು. "ನಿಲ್ಲಮ್ಮ, ಮುಟ್ಟಬೇಡ!" ಎಂದು ಕೂಗುವಷ್ಟರಲ್ಲಿ ಹೆಂಗಸಿನ ಎಡಗೈ ಗಡಿಗೆಯ ಮೇಲಿತ್ತು. ಗಡಿಗೆ ಟಪ್ಪೆಂದು ಸೀಳಿತು, ಒಳಗಿನ ಹೂವೆಲ್ಲ ಪುಡಿಯಾಯಿತು. ಅಂಗಳದ ತುಳಸಿ ಒಣಗಿ ಕಡ್ಡಿಯಾಯಿತು. ಹೆಂಗಸು ನಕ್ಕಳು, ಗಂಡಸಿನ ದನಿಯಲ್ಲಿ ನಕ್ಕಳು, ಬೇಲಿಯಾಚೆ ಮಾಯವಾದಳು.

ಆ ಸಂಜೆ ದೇಕವ್ವ ಹೂವಿನ ಪುಡಿಯನ್ನೇ ಬೊಗಸೆಯಲ್ಲಿ ಒಯ್ದಳು. ಕೆಂಡಕ್ಕೆ ಹಾಕಿದ್ದೇ ತಡ ಭಗ್ಗೆಂದು ಉರಿದು ಮುಗಿಯಿತು. ಹೊಗೆಯೇ ಬರಲಿಲ್ಲ. ಗುಹೆಯೊಳಗೆ ಹಳದಿ ಬೆಳಕು ಮೂಡಿತು. ಯಾಳಿ ಒಂದು ಕಣ್ಣು ತೆರೆದಿತ್ತು. ಆ ಕಣ್ಣಿನೊಳಗೆ ದೇಕವ್ವ ತನ್ನನ್ನೇ ಕಂಡಳು, ಕಾಳಿನಷ್ಟು ಚಿಕ್ಕದಾಗಿ. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ ಅವಳಿಗೇ ತಿಳಿಯಲಿಲ್ಲ, ಆಮೇಲೆ ಮೆಲ್ಲಗೆ ಹಿಂದೆ ಸರಿದು ಮನೆಗೆ ಬಂದಳು. ಅಂದು ಊರಿನವರು ಒಲೆ ಹಚ್ಚಲಿಲ್ಲ, ಮಕ್ಕಳ ಬಾಯಿಗೆ ಕೈ ಅಡ್ಡವಿಟ್ಟು ಕೂತರು.

ಇನ್ನು ಉಳಿದದ್ದು ಅಟ್ಟದ ಮೂಲೆಯಲ್ಲಿ ಉದುರಿದ್ದ ಒಂದಿಷ್ಟು ಹೂವು. ಅದೂ ಗರಿಗರಿ ಒಣಗಿತ್ತು. ದೇಕವ್ವ ಅದನ್ನು ಚಿಕ್ಕ ಗಡಿಗೆಗೆ ತುಂಬಿ, ಒದ್ದೆ ಮಾಡಿದ ಹಂಚಿನ ಚೂರೊಂದನ್ನು ಒಳಗಿಟ್ಟು ಮುಚ್ಚಿದಳು. ಹೂವು ಮೆಲ್ಲಗೆ ಪಸೆ ಕುಡಿಯಬೇಕು. ಅವಸರ ಮಾಡುವಂತಿಲ್ಲ. ಕಾಯುತ್ತ ಅಣ್ಣನ ಪಕ್ಕ ಕೂತಳು.

"ಒಬ್ಬನೇ ಬಂದದ್ದು, ಅಣ್ಣಾ. ಎರಡು ಸಲವೂ ಅವನೇ. ಆದರೆ ಯಾಕೆ ಅವನು ಕೈಮುಗಿಯಲ್ಲ?"

ಮಾಳಪ್ಪನ ಎದೆ ಏರಿಳಿಯಿತು. ದೇಕವ್ವ ತನ್ನ ಎರಡು ಅಂಗೈಗಳನ್ನು ಜೋಡಿಸಿ ನೋಡಿಕೊಂಡಳು. ಬಹಳ ಹೊತ್ತು ನೋಡಿಕೊಂಡಳು.

ಮರುದಿನ ಮಧ್ಯಾಹ್ನ ನೆಲ ನಡುಗಿತು. ಯಾಳಿ ಏಳುತ್ತಿತ್ತು. ಮಣಿ ಇನ್ನೂ ಮೇಲೆಯೇ ಇತ್ತು. ಕಾಯಲು ಹೊತ್ತಿರಲಿಲ್ಲ. ಹಂಚಿನ ಚೂರು ತೆಗೆದಳು, ಗಡಿಗೆಯನ್ನು ಬಟ್ಟೆಯಲ್ಲಿ ಬಿಗಿದು ಎದೆಗವಚಿಕೊಂಡು ಓಡಿದಳು.

ಗುಹೆಯ ಬಾಯಲ್ಲಿ ಕರಾಳಪಾಣಿ ನಿಂತಿದ್ದ, ಈ ಸಲ ತನ್ನ ಸ್ವಂತ ರೂಪದಲ್ಲಿ. ಅವನ ಹಿಂದೆ, ಕತ್ತಲಲ್ಲಿ, ಎರಡು ಹಳದಿ ಕಣ್ಣುಗಳು.

"ಕೊಡು, ಹೆಣ್ಣೇ" ಎಂದು ಅವನು ಬಲಗೈ ಚಾಚಿದ. "ಕೊಟ್ಟರೆ ಯಾಳಿಗೆ ನಿನ್ನನ್ನು ಕೊನೆಗೆ ತಿನ್ನಿಸುತ್ತೇನೆ."

ದೇಕವ್ವ ನಾಲ್ಕು ಹೆಜ್ಜೆ ಮುಂದೆ ಬಂದಳು.

"ಹಿಡಿ!" ಎಂದು ಕಿರುಚಿ, ಗಡಿಗೆಯನ್ನು ಅವನ ಮುಖಕ್ಕೇ ಬೀಸಿ ಎಸೆದಳು.

ಮುಖಕ್ಕೆ ಬಂದದ್ದಕ್ಕೆ ಯಾರ ಕೈಯಾದರೂ ತಾನಾಗಿ ಮೇಲೇಳುತ್ತದೆ. ಮಾಂತ್ರಿಕನ ಎರಡು ಕೈಗಳೂ ಮೇಲೆದ್ದವು. ಎರಡೂ ಒಟ್ಟಿಗೆ ಗಡಿಗೆಯನ್ನು ಹಿಡಿದವು. ಬಲಗೈಯ ನೀರು ಎಡಗೈಗೆ ನುಗ್ಗಿತು, ಎಡಗೈಯ ಒಣ ಕಾವು ಬಲಗೈಗೆ ನುಗ್ಗಿತು. ಗಡಿಗೆ ಬಿಡಲು ಅವನಿಗಾಗಲಿಲ್ಲ.

"ಬಿಡಿಸೇ! ಬಿಡಿಸೇ ಇದನ್ನ!" ಎಂದು ಕೂಗಿದ.

ಅವನ ಬೆರಳುಗಳಿಂದ ಆವಿ ಎದ್ದಿತು. ತೋಳು ಹೋಯಿತು, ಮೈ ಹೋಯಿತು, ಕೊನೆಗೆ ಕೂಗು ಹೋಯಿತು. ಗಡಿಗೆ ಅವನ ಬರಿದಾದ ಬಟ್ಟೆಗಳ ಮೇಲೆ ಮೆತ್ತಗೆ ಬಿತ್ತು.

ದೇಕವ್ವ ಮುಚ್ಚಳ ತೆಗೆದಳು. ಮಣಿ ನಡುವೆ ನಿಂತಿತ್ತು.

ಆಗ ಅವಳ ತಲೆಯ ಮೇಲೆ ಏನೋ ಬಂದು ನಿಂತಿತು. ಸೊಂಡಿಲಿನ ತುದಿ. ಅದು ಅವಳ ಬೈತಲೆಯನ್ನು ಮೂಸಿತು, ಕಿವಿ ಮೂಸಿತು, ಕತ್ತಿನ ಹಿಂದೆ ಬಿಸಿಯುಸಿರು ಬಿಟ್ಟಿತು. ದೇಕವ್ವ ಕಣ್ಣು ಮುಚ್ಚಿಕೊಂಡೇ ಹೂವನ್ನು ಒಂದೊಂದಾಗಿ ಕೆಂಡಕ್ಕೆ ಹಾಕಿದಳು. ನೀಲಿ ಹೊಗೆ ದಾರದಂತೆ ನೆಟ್ಟಗೆ ಎದ್ದಿತು. ಸೊಂಡಿಲು ಅವಳನ್ನು ಬಿಟ್ಟು ಹೊಗೆಯ ಕಡೆ ತಿರುಗಿತು. ಯಾಳಿ ದೀರ್ಘವಾಗಿ ಉಸಿರೆಳೆಯಿತು. ಮುಂಗಾಲು ಮಡಿಸಿತು. ಹಿಂಗಾಲು ಮಡಿಸಿತು. ಹಳದಿ ಕಣ್ಣುಗಳು ಒಂದಾದ ಮೇಲೊಂದು ಆರಿದವು. ದೇಕವ್ವ ಅಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತಳು.

ಮನೆಗೆ ಬಂದಾಗ ಮಾಳಪ್ಪನ ಮೈಯ ಬೂಷ್ಟು ಅರಳೆಯಂತೆ ಉದುರುತ್ತಿತ್ತು. ಅವನು ಸೀನಿದ, ಕಣ್ಣು ಬಿಟ್ಟ. "ಹಸಿವು ಕಣೇ" ಎಂದ. ಅಳುತ್ತಲೇ ಅವಳು ರೊಟ್ಟಿ ಬಡಿದಳು.

ಅರಸ ಸ್ವತಃ ಮನೆಗೆ ಬಂದ.

"ಏನು ಬೇಕೋ ಕೇಳು, ದೇಕವ್ವ. ಊರು ಬೇಕೆ? ಬಂಗಾರ ಬೇಕೆ?"

"ನಮ್ಮಪ್ಪನ ಕಾಲದಿಂದ ಈ ಮನೆಯವರು ಒಂದು ಸಂಜೆಯೂ ಸುಮ್ಮನೆ ಕೂತಿಲ್ಲ, ದೊರೆ. ನೀವೂ ಈ ಕೆಲಸ ಕಲೀಬೇಕು. ಸರದಿ ಪ್ರಕಾರ ನೀವೂ ಗುಹೆಗೆ ಹೋಗಬೇಕು."

ಗೋವಳದೇವನ ಮುಖ ಬಿಳುಚಿತು. ಆದರೆ ಕೊಟ್ಟ ಮಾತಿಗೆ ಅವನು ತಪ್ಪಲಿಲ್ಲ. ಮೊದಲ ಸಲ ಅವನು ಗಡಿಗೆ ಹೊತ್ತು ಗುಹೆಗೆ ಹೋದ ಸಂಜೆ, ಅಣ್ಣ ತಂಗಿ ಅಂಗಳದಲ್ಲಿ ಕಾಲು ಚಾಚಿ ಕೂತು, ಸೂರ್ಯ ಮುಳುಗುವುದನ್ನು ಪೂರ್ತಿ ನೋಡಿದರು. ಆಮೇಲೆ ಮಂತ್ರಿ ಹೋದ, ಅಗಸನ ಹೆಂಡತಿಯೂ ಹೋದಳು. ಸುಳಿಗಲ್ಲಿನವರೆಲ್ಲ ಹೆದರುತ್ತಲೇ ಆ ಕೆಲಸ ಕಲಿತರು. ಯಾಳಿ ಮತ್ತೆ ಏಳಲಿಲ್ಲ. ಜನ ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ಸುಖವಾಗಿ ಬಾಳಿದರು.