ಕ್ಯಾಮೆರಾದ ಕಿವಿ

ಗೋಡೆಯ ಮೇಲೆ ಮೊಳೆ ಮಾತ್ರ ಉಳಿದಿತ್ತು. ಅದಕ್ಕೆ ತೂಗುಹಾಕಿದ್ದ ನೂರು ವರ್ಷದ ಊದ್ ತಂತಿವಾದ್ಯ ಮಾಯ! ಫೆಸ್ ನಗರದ ಹಳೇ ಓಣಿಯಲ್ಲಿ ಊದ್ ತಯಾರಿಸುವ ಮುದುಕ ಸೆಲ್ಲಾಮ್, ಬೆಳಿಗ್ಗೆ ಅಂಗಡಿ ತೆರೆದವನೇ ಪೊಲೀಸರನ್ನು ಕರೆಸಿದ.

ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಮೂವರ ಬಳಿ. ಸೆಲ್ಲಾಮ್, ಅವನ ಸೋದರಳಿಯ ಅನ್ವಾರ್, ಇಪ್ಪತ್ತೆರಡು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ದ್ರಿಸ್.

"ನಿನ್ನೆ ಆರಕ್ಕೆ ನಾನೇ ಬೀಗ ಹಾಕ್ದೆ. ಆಗ ಊದ್ ಇತ್ತು," ಎಂದ ಸೆಲ್ಲಾಮ್.

ಅನ್ವಾರ್ ಹೊಸ್ತಿಲಷ್ಟೇ ಕಾಣುವ ಬಾಗಿಲ ಕ್ಯಾಮೆರಾದ ಕಾರ್ಡನ್ನು ಇನ್‌ಸ್ಪೆಕ್ಟರ್ ಹಮ್ಮೂ ಕೈಗಿತ್ತ. "ನೋಡಿ ಸಾಹೇಬ್ರೇ, ಆರು ನಲವತ್ತು. ಊರೆಲ್ಲಾ ರಂಜಾನ್ ಉಪವಾಸ ಬಿಟ್ಟು ಊಟಕ್ಕೆ ಕೂತಿತ್ತು. ನಾನು ಮಸೀದೀಲಿದ್ದೆ. ಇವನು ಗಂಟು ಹೊತ್ಕೊಂಡು ಹೋಗ್ತಿದಾನೆ! ಆಮೇಲೆ ಕ್ಯಾಮೆರಾ ಕೆಟ್ಟು ಬರೀ ಕತ್ತಲೆ."

"ಅದು ಮರದ ಹೊಟ್ಟು!" ದ್ರಿಸ್ ಗೋಳಾಡಿದ. "ಹಮ್ಮಾಮ್ ಸ್ನಾನದ ಮನೆಯ ಒಲೆಗೆ ದಿನಾ ಕೊಡ್ತೀನಿ. ಆರಕ್ಕೆ ಮುಂಚೇನೇ ಹೋಗಿದ್ದೆ!"

"ಗಡಿಯಾರ ಸುಳ್ಳು ಹೇಳುತ್ತೇನೋ?" ಎಂದು ಸೆಲ್ಲಾಮ್ ಮುಖ ತಿರುಗಿಸಿದ.

ಮಧ್ಯಾಹ್ನವೇ ದ್ರಿಸ್‌ನನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕಿತ್ತು. ಹಮ್ಮೂಗೆ ಮಾತ್ರ ಯಾಕೋ ಸಮಾಧಾನವಿರಲಿಲ್ಲ.

* * *

ಠಾಣೆಯ ಹಿಂದಿನ ಕೋಣೆಯಲ್ಲಿ ಸಾಕ್ಷ್ಯದ ದೃಶ್ಯ, ಧ್ವನಿ ಪರೀಕ್ಷಿಸುವ ಬತೂಲ್ ಇದ್ದರು. ಮೂವತ್ತು ವರ್ಷ ರೇಡಿಯೋದಲ್ಲಿ ಟೇಪು ಕತ್ತರಿಸಿದ ಕೈ. ಈಗ ಕಂಪ್ಯೂಟರಿನ ಕಪ್ಪು ಪರದೆ, ಬಿಳಿ ಅಕ್ಷರ. ಗುಂಡಿಯಿಲ್ಲ, ಚಿತ್ರವಿಲ್ಲ, ಎಲ್ಲವೂ ಟೈಪು ಮಾಡಿದ ಆಜ್ಞೆಯಲ್ಲೇ. "ಅಜ್ಜಿ ಮಂತ್ರ ಹಾಕ್ತಿದಾಳೆ" ಎಂದು ಪೇದೆಗಳು ನಗುತ್ತಿದ್ದರು. ಹಮ್ಮೂ ನಕ್ಕವನಲ್ಲ, ಗೌರವದಿಂದ ಲಲ್ಲಾ, ಅಂದರೆ ಅಮ್ಮಾ, ಎಂದೇ ಕರೆಯುತ್ತಿದ್ದ.

"ಲಲ್ಲಾ, ಇದರಲ್ಲಿ ಶಬ್ದವೇ ಇಲ್ಲ."

"ಯಾರಂದ್ರು?" ಒಂದು ಸಾಲು ಟೈಪಿಸಿದರು. ಪರದೆ ನಾಲ್ಕು ಸಾಲು ಉತ್ತರಿಸಿತು. "ಚಿತ್ರನೂ ಇದೆ, ಶಬ್ದನೂ ಇದೆ. ನಿಮ್ಮ ಪ್ಲೇಯರಿಗೆ ಅದನ್ನ ಓದೋಕೆ ಬರಲ್ಲ, ಅಷ್ಟೇ."

ಶಬ್ದವನ್ನು ಬೇರೆ ಮಾಡಿ ತೆಗೆದರು. ಕರ್ರ್ ಎಂದು ಕಿವಿ ಕಿತ್ತುಹೋಗುವ ಗದ್ದಲ. ಹಮ್ಮೂ ಕಿವಿ ಮುಚ್ಚಿಕೊಂಡ.

"ತಪ್ಪು ನಂದೇ. ಈ ಕ್ಯಾಮೆರಾ ಶಬ್ದ ಹಿಡಿಯೋದು ಹಳೇ ಟೆಲಿಫೋನ್ ಥರ, ಅದಕ್ಕೆ ಎರಡು ಪದ್ಧತಿ. ನಾನು ಇನ್ನೊಂದನ್ನ ಹೇಳ್ಬಿಟ್ಟೆ." ಒಂದೇ ಪದ ಬದಲಿಸಿದರು. ಓಣಿಗೆ ಜೀವ ಬಂತು! ವ್ಯಾಪಾರಿಗಳ ಕೂಗು, ಕತ್ತೆಯ ಗೊರಸು, "ದಾರಿ ಬಿಡ್ರೋ!" ಎಂಬ ಅಬ್ಬರ.

ಬತೂಲ್ ಹುಬ್ಬೇರಿಸಿದರು. "ಹಮ್ಮೂ, ಉಪವಾಸ ಬಿಟ್ಟ ಹತ್ತು ನಿಮಿಷಕ್ಕೆ ಫೆಸ್‌ನಲ್ಲಿ ಯಾವ ಕತ್ತೆ ಓಡಾಡುತ್ತೆ?"

ಒಂದು ನರಪಿಳ್ಳೆಯೂ ಇರುವುದಿಲ್ಲ. ಹಮ್ಮೂ ಕುರ್ಚಿ ಎಳೆದು ಪರದೆಗೆ ಹತ್ತಿರ ಕುಳಿತ.

ಅವರು ಮುಂದಕ್ಕೆ ಓಡಿಸಿದರು. ಉಪವಾಸ ಬಿಡುವ ಸೈರನ್ ಮೊಳಗಿತು. ಪರದೆಯ ಮೇಲಿನ ಸಮಯ ಏಳೂವರೆ.

"ನಿನ್ನೆ ಸೈರನ್ ಆಗಿದ್ದು ಆರೂವರೆಗೆ. ರಂಜಾನ್ ಅಂತ ದೇಶವೇ ಗಡಿಯಾರಾನ ಒಂದು ಗಂಟೆ ಹಿಂದಿಟ್ಟಿತು. ಈ ಕ್ಯಾಮೆರಾದ್ದನ್ನ ಯಾರೂ ಮುಟ್ಟಿಲ್ಲ. ನಿಮ್ಮ ದ್ರಿಸ್ ಹೋಗಿದ್ದು ಐದು ನಲವತ್ತಕ್ಕೆ, ಸೆಲ್ಲಾಮ್ ಬೀಗ ಹಾಕೋಕೆ ಮುಂಚೆ. ಆ ಬೀಗ ಹಾಕೋದೂ ಇದರಲ್ಲಿ ಏಳಕ್ಕಿದೆ, ನೀವ್ಯಾರೂ ಅಲ್ಲೀತನಕ ನೋಡಿಲ್ಲ."

"ಭಲೇ ಲಲ್ಲಾ!"

"ತಡಿಯಪ್ಪ. ಸೈರನ್ ಆಗಿ ಐದು ನಿಮಿಷಕ್ಕೆ ಕತ್ತಲೆ. ಕ್ಯಾಮೆರಾ ಕೆಟ್ಟಿಲ್ಲ. ಕಣ್ಣಿಗೆ ಬಟ್ಟೆ ಹಾಕಿದಾರೆ. ಕಿವಿ ಇದೆ ಅಂತ ಗೊತ್ತಿರಲಿಲ್ಲ ಪಾಪ."

* * *

ಮೂವರನ್ನೂ ಕೂರಿಸಿ ಹಮ್ಮೂ ಅದನ್ನು ಕೇಳಿಸಿದ. ಕಪ್ಪು ಪರದೆ. ನಿಶ್ಶಬ್ದ ಓಣಿ. ಬೀಗ ಕಟಕ್ಕೆಂದಿತು. ತಂತಿಯೊಂದು ಏನಕ್ಕೋ ತಾಗಿ ಝೇಂಕರಿಸಿತು. ಮೊಬೈಲು ರಿಂಗಾಯಿತು. ಪಿಸುದನಿಯೊಂದು ಹೇಳಿತು: "ಬಂದೆ ಮಾವ, ಮಸೀದಿ ಬಾಗಿಲಲ್ಲೇ ಇದೀನಿ."

ಸೆಲ್ಲಾಮ್ ನಿಧಾನವಾಗಿ ಅನ್ವಾರ್ ಕಡೆ ತಿರುಗಿದ. "ಸೂಪು ಆರುತ್ತೆ ಬಾರೋ ಅಂತ ನಾನೇ ಕರೆದಿದ್ದು," ಎಂದ. "ನನ್ನನ್ನ ಮಾವ ಅನ್ನೋನು ಈ ಲೋಕದಲ್ಲಿ ನೀನೊಬ್ಬನೇ ಕಣೋ."

ಊದ್ ಅನ್ವಾರ್‌ನ ಮಂಚದ ಕೆಳಗೇ ಸಿಕ್ಕಿತು.

ಪೇದೆಗಳು ಅವನನ್ನು ಕರೆದೊಯ್ದ ಮೇಲೆ ಸೆಲ್ಲಾಮ್ ದ್ರಿಸ್‌ನ ಮುಂದೆ ನಿಂತ. ಕ್ಷಮೆ ಕೇಳಲು ಬಾಯಿ ತೆರೆದ. ದ್ರಿಸ್‌ಗೂ ಕಣ್ಣು ತುಂಬಿತ್ತು. ಕೋಪ ಇತ್ತು, ಇಲ್ಲವೆಂದಲ್ಲ.

"ಬೇಡ ಉಸ್ತಾದ್ರೇ, ಏನೂ ಹೇಳ್ಬೇಡಿ," ಎಂದ ದ್ರಿಸ್. "ಸಂಜೆ ನಮ್ಮನೆಗೆ ಬನ್ನಿ. ರಂಜಾನಿನಲ್ಲಿ ಒಬ್ಬರೇ ಕೂತು ಉಣ್ಣಬಾರದು."